ಎರಡು ನುಡಿಗಳ ಕವಿ ಕಯ್ಯಾರರು

ಬಾರಕೂರಿನ ಕಡೆಯಿಂದ ಸೀತಾನದಿಯನ್ನು ದಾಟಿ ಬ್ರಹ್ಮಾವರದ ಪೇಟೆಗೆ ಬಂದವರಿಗೆ ಒಂದೇ ಅಂಗಡಿಯ ಮುಂದೆ ಕುಂದಾಪುರದ ಕನ್ನಡವೂ ತುಳುವೂ ಕಿವಿಗೆ ಬೀಳುವುದುಂಟು. ಬಡಗಣ ಬೈಂದೂರಿನವರೆಗೆ ಹೆಚ್ಚಿನವರ ಮನೆಮಾತು ಕನ್ನಡ. ತೆಂಕಣಕ್ಕೆ ಸಾಗಿದಂತೆ ತುಳು ಬಲಗೊಳ್ಳುತ್ತದೆ. ಹೀಗೆ ನುಡಿಗಳ ಸಂಧಿಯಲ್ಲಿ ಬದುಕುವ ನಮಗೆ, ಇದೇ ಕರಾವಳಿಯ ಕಾಸರಗೋಡಿನಲ್ಲಿ ಈ ಎರಡರಲ್ಲಿಯೂ ಕಾವ್ಯ ರಚಿಸಿದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಜೀವನ ಹೊರಗಿನದೆನಿಸಲಾರದು.

ರೈಗಳ ತಾಯ್ನುಡಿ ತುಳು. ವೃತ್ತಿಯಿಂದ ಅವರು ಅಧ್ಯಾಪಕರು. ಪೆರಡಾಲದ ನವಜೀವನ ಪ್ರೌಢಶಾಲೆ ಅವರ ಕಾರ್ಯಕ್ಷೇತ್ರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕನ್ನಡದ ಪಕ್ಷ ವಹಿಸಿ ನಿಂತರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗವೇ ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ತುಳು ಮನೆಯವರೊಬ್ಬರು ಕನ್ನಡಕ್ಕಾಗಿ ಇಷ್ಟು ಹೋರಾಡಿದ್ದು ಘಟ್ಟದ ಮೇಲಿನವರಿಗೆ ಸೋಜಿಗವೆನಿಸೀತು. ನಮಗಿಲ್ಲ. ಆ ಮನೆಗಳಲ್ಲಿಯೂ ಶಾಲೆಯ ಪಾಠ, ಯಕ್ಷಗಾನದ ಪದ್ಯ ಬಹುಮಟ್ಟಿಗೆ ಕನ್ನಡವೇ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿಯಾಗಿತ್ತಲ್ಲವೆ?

ಆದರೆ ರೈಗಳನ್ನು ಬರಿಯ ಹೋರಾಟದ ಕವಿಯೆಂದು ಹೊಗಳಿ ಮುಗಿಸುವ ರೂಢಿ ನನಗೆ ಸಮ್ಮತವಲ್ಲ. ‘ಎನ್ನಪ್ಪೆ ತುಳುವಪ್ಪೆ’ ಅವರ ತುಳು ಕವನಸಂಗ್ರಹ. ತುಳುವನ್ನು ತಾಯಿಯೆಂದು ಕರೆಯುವ ಆ ಹೆಸರಿನಲ್ಲಿಯೇ ಅವರ ಮನಸ್ಸು ತಿಳಿಯುತ್ತದೆ. ಕಾಸರಗೋಡು ಕೇರಳಕ್ಕೆ ಹೋದುದನ್ನು ಒಪ್ಪದ ಅದೇ ಲೇಖನಿ ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದಿತು. ಗಡಿಯ ಕುರಿತ ಅಸಮಾಧಾನ ನೆರೆನುಡಿಯ ಮೇಲಣ ಹಗೆಯಾಗಲು ಅವರು ಬಿಡಲಿಲ್ಲ. ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಇದೇ.

ಇರಾನಿನಲ್ಲಿ ಇಂತಹ ಇನ್ನೊಬ್ಬರಿದ್ದರು. ತಬ್ರೀಜಿನ ಕವಿ ಶಹರಿಯಾರರು (ನಿಧನ 1988) ಫಾರಸಿ ಗಜಲುಗಳಿಂದ ಕೀರ್ತಿವಂತರಾದ ಮೇಲೆ ತಾಯ್ನುಡಿಯಾದ ಅಜರ್‌ಬೈಜಾನಿಯಲ್ಲಿ, ಬಾಲ್ಯದ ಊರಿನ ಬೆಟ್ಟವೊಂದನ್ನು ಮಾತನಾಡಿಸುತ್ತ ದೀರ್ಘಕಾವ್ಯ ಬರೆದರು. ಅದು ಜನರ ಬಾಯಲ್ಲಿ ನೆಲೆಸಿತು.

ರೈಗಳ ತುಳು ಕವಿತೆಗೆ ಅಂತಹ ಪ್ರಸಾರ ದೊರೆಯಲಿಲ್ಲವೆಂಬುದು ನನ್ನ ಕೊರಗು. 1997ರಲ್ಲಿ ಮಂಗಳೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದೆವು. ಅದು ಸಲ್ಲತಕ್ಕ ಗೌರವವೇ. ಅತ್ತ ಕುಂದಾಪುರದ ನಮ್ಮ ವಿದ್ಯಾರ್ಥಿಯು ಪ್ರಬಂಧದಲ್ಲಿ ಮನೆಯ ಮಾತೊಂದು ನುಸುಳಿದರೆ ನಾಚಿ ಗೀಟೆಳೆಯುತ್ತಾನೆ. ಪರೀಕ್ಷೆಯ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಅಂಥವನ ಕೈಗೆ ಕಯ್ಯಾರರ ಎರಡು ನುಡಿಗಳ ಸಂಗ್ರಹಗಳನ್ನೂ ಒಟ್ಟಿಗೆ ಕೊಡುವ ಅಧ್ಯಾಪಕರು ನಮ್ಮಲ್ಲಿ ತೀರ ವಿರಳ.