ಒದ್ದೆಯಾಗೋದು ಒಂದು ಕಡೆ, ಸೋರೋದು ಇನ್ನೊಂದು ಕಡೆ

"ಜೀಪು ಅಂದ್ಮೇಲೆ ಸೋರದೇ ಇರುತ್ತಾ?" ಮಲೆನಾಡಿನ ಗ್ಯಾರೇಜುಗಳಲ್ಲಿ ಈ ಮಾತು ಕೇಳದವರಿಲ್ಲ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟದವರು ಇದನ್ನು ನಗುತ್ತಲೇ ಒಪ್ಪಿಕೊಂಡುಬಿಡುತ್ತಾರೆ. ಜೂನ್ ಬಂತೆಂದರೆ ಸೀಟಿನ ಮೇಲೊಂದು ಗೋಣಿತಾಟು, ಕಾಲಡಿಗೆ ಹಳೇ ಪೇಪರು. ಅತ್ತ ಇಂಗ್ಲೆಂಡಿನಲ್ಲಿ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್ ಇಟ್ಟುಕೊಂಡವರ ಧಾಟಿಯೂ ಇದೇ. ಸೋರುವುದು ಅವರಿಗೆ ಗಾಡಿಯ ಗುಣ, ದೋಷವಲ್ಲ.

ಈ ನಂಬಿಕೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು ಕ್ಯಾನ್ವಾಸ್ ಹುಡ್, ನೆಲದ ತಗಡಿನಲ್ಲಿ ನೀರು ಬಸಿದುಹೋಗಲೆಂದೇ ಕೊರೆದ ತೂತು. ಒಳಗೆ ಕಾರ್ಪೆಟ್ ಇಲ್ಲ, ಕೆಡುವಂಥದ್ದೂ ಹೆಚ್ಚೇನಿಲ್ಲ. ಬಂದ ನೀರು ಹೋಗುತ್ತಿತ್ತು. 2016ರ ಜನವರಿಯಲ್ಲಿ ಸೊಲಿಹಲ್ ಕಾರ್ಖಾನೆಯಲ್ಲಿ ತಯಾರಿಕೆ ನಿಂತ ಹಳೆಯ ಡಿಫೆಂಡರ್ ಕೂಡ ಬೋಲ್ಟು ಹಾಕಿ ಜೋಡಿಸಿದ ಅಲ್ಯೂಮಿನಿಯಂ ಹಲಗೆಗಳ ಗಾಡಿಯೇ.

ಈಗಿನ ಥಾರ್, ಜಿಮ್ನಿ, ಗೂರ್ಖಾಗಳ ಸಂಗತಿ ಬೇರೆ. ನೆಲದ ಮೇಲೆ ಕಾರ್ಪೆಟ್, ಅದರಡಿ ದಪ್ಪ ಫೋಮ್, ಅದರ ಆಸುಪಾಸಿನಲ್ಲೇ ವೈರಿಂಗ್ ಕಟ್ಟು, ಕನೆಕ್ಟರ್‌ಗಳು, ಸೀಟಿನಡಿ ಏರ್‌ಬ್ಯಾಗಿನ ತಂತಿ. ಇಂಥ ಗಾಡಿಯೊಳಗೆ ಸೇರಿದ ನೀರು ಹೊರಹೋಗುವ ದಾರಿ ಹುಡುಕುವುದಿಲ್ಲ, ಫೋಮಿನಲ್ಲಿ ಮನೆ ಮಾಡುತ್ತದೆ. ಮೊದಲು ಮುಗ್ಗಲು ವಾಸನೆ, ಆಮೇಲೆ ಬೆಳಗ್ಗೆ ಬೆಳಗ್ಗೆ ಗಾಜಿನ ಒಳಮೈಗೆ ಮಂಜು, ಅದಾದ ಮೇಲೆ ಯಾವುದೋ ಸೆನ್ಸರಿನ ದೀಪ ಕಾರಣವಿಲ್ಲದೆ ಹತ್ತಿಕೊಳ್ಳುವುದು. ನಗುತ್ತಾ ಒಪ್ಪಿಕೊಳ್ಳುವ ಕಾಲ ಮುಗಿದಿದೆ.

"ಎಲ್ಲಿ ಒದ್ದೆಯೋ ಅಲ್ಲೇ ತೂತು"

ಸೋರಿಕೆ ಹುಡುಕುವವರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ನಂಬಿಕೆ ಇದು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಡೆದ ಹಂಚು ಮಾಡಿನ ತುದಿಯಲ್ಲಿರುತ್ತದೆ, ನೀರು ಪಕಾಸಿ ಹಿಡಿದು ಇಳಿದು ನಡುಮನೆಯಲ್ಲಿ ತೊಟ್ಟಿಕ್ಕುತ್ತದೆ. ಗಾಡಿಯಲ್ಲಿ ಪಕಾಸಿಯ ಕೆಲಸ ಮಾಡುವುದು ವೈರಿಂಗ್ ಕಟ್ಟು, ತಗಡಿನ ಮಡಿಕೆ, ಕಂಬಗಳ ಟೊಳ್ಳು.

ಚಾಲಕನ ಕಾಲಡಿ ಒದ್ದೆ ಎಂದುಕೊಳ್ಳಿ. ನೀರು ವಿಂಡ್‌ಶೀಲ್ಡಿನ ಮೇಲಂಚಿನಲ್ಲಿ ಒಳಗೆ ನುಸುಳಿ, ಮುಂಗಂಬದ ಒಳಗಿಂದ ಇಳಿದು, ಡ್ಯಾಶ್‌ಬೋರ್ಡಿನ ಹಿಂದೆ ತಂತಿ ಹಿಡಿದು ಬಂದಿರಬಹುದು. ಅಥವಾ ಎಂಜಿನ್ ಕೋಣೆಗೂ ಒಳಕ್ಕೂ ನಡುವಿನ ತಗಡಿನಲ್ಲಿ ತಂತಿ ದಾಟಿಸಲು ಇರುವ ರಬ್ಬರ್ ಬಿರಡೆ ಹರಿದಿರಬಹುದು. ಹೆಚ್ಚುವರಿ ಲೈಟ್ ಹಾಕಿಸಿದವರ ಗಾಡಿಯಲ್ಲಿ ನಾನು ಮೊದಲು ನೋಡುವುದೇ ಈ ಬಿರಡೆಯನ್ನು. ಲೈಟಿನ ಅಂಗಡಿಯವರು ಅದಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ತಂತಿ ತೂರಿಸಿ, ಹಾಗೇ ಬಿಟ್ಟಿರುತ್ತಾರೆ. ಹಿಂದುಗಡೆ ಒದ್ದೆಯಾದರೆ ಹಿಂದೀಪದ ಗ್ಯಾಸ್ಕೆಟ್, ಎತ್ತರದ ಬ್ರೇಕ್ ದೀಪ, ಹಿಂಗಾಜಿಗೆ ನೀರು ಚಿಮ್ಮಿಸುವ ಪೈಪಿನ ಜೋಡಣೆ, ಆಂಟೆನಾ ಬುಡ, ಸ್ಪೇರ್ ಚಕ್ರ ಹೊತ್ತ ಬಾಗಿಲಿನ ಬೋಲ್ಟು, ಎಲ್ಲವೂ ಆರೋಪಿಗಳೇ. ಆ ವಾಷರ್ ಪೈಪು ಬಿಟ್ಟುಕೊಂಡಿದ್ದರೆ ಮಳೆಯಿಲ್ಲದ ಬೇಸಿಗೆಯಲ್ಲೂ ಗಾಡಿ ಸೋರುತ್ತದೆ, ಅದೂ ಸೋಪಿನ ವಾಸನೆಯೊಂದಿಗೆ.

ಇಳಿಜಾರಿನ ಲೆಕ್ಕವೂ ಇದೆ. ತೋಟದ ಮನೆಯಂಗಳ ಸಮತಟ್ಟಾಗಿರುವುದು ಅಪರೂಪ. ಮೂತಿ ಕೆಳಗಾಗಿ ನಿಂತಾಗ ಸೋರದ ಗಾಡಿ, ಮೂತಿ ಮೇಲಾದಾಗ ಸೋರುತ್ತದೆ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವುದೂ ಉಂಟು. ಕಿಟಕಿ ಒಂದಿಷ್ಟೇ ಇಳಿಸಿ ವೇಗವಾಗಿ ಹೋದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ, ಸಣ್ಣ ಸಂದಿಯಿಂದ ನೀರನ್ನು ಗಾಡಿಯೇ ಹೀರಿಕೊಳ್ಳುತ್ತದೆ. ಹಾಗಾಗಿ ಮೆಕ್ಯಾನಿಕ್ಕಿಗೆ "ಸೋರುತ್ತೆ" ಅಂತಷ್ಟೇ ಹೇಳಿದರೆ ಸಾಲದು. ನಿಂತಿತ್ತೋ ಓಡುತ್ತಿತ್ತೋ, ಯಾವ ಕಡೆ ವಾಲಿತ್ತು, ಎ.ಸಿ. ಹಾಕಿತ್ತೋ, ಇಷ್ಟನ್ನಾದರೂ ಹೇಳಬೇಕು.

"ಬೀಡಿಂಗ್ ರಬ್ಬರ್ ಬದಲಾಯಿಸಿದರೆ ಸರಿಹೋಗುತ್ತೆ"

ರಬ್ಬರ್ ಕೆಡುತ್ತದೆ, ನಿಜ. ಆದರೆ ಸೋರುವ ಗಾಡಿಗಳಲ್ಲಿ ದೊಡ್ಡ ಪಾಲಿಗೆ ಕಾರಣ ನೀರು ಒಳಬರುವ ದಾರಿ ತೆರೆದದ್ದಲ್ಲ, ಹೊರಹೋಗುವ ದಾರಿ ಮುಚ್ಚಿದ್ದು. ಇಡೀ ಲೇಖನದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವಾಹನದ ಮೈ ನೀರನ್ನು ಪೂರ್ತಿ ತಡೆಯುವಂತೆ ಕಟ್ಟಿದ್ದಲ್ಲ. ಬಾಗಿಲನ್ನೇ ನೋಡಿ. ಕಿಟಕಿ ಗಾಜಿನ ಹೊರಮೈಯಲ್ಲಿ ಇಳಿದ ಮಳೆನೀರು ಬಾಗಿಲ ಹೊಟ್ಟೆಯೊಳಗೇ ಹೋಗುತ್ತದೆ. ಒಳಹಲಗೆಯ ಹಿಂದೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಅದನ್ನು ಕೆಳಕ್ಕೆ ತಿರುಗಿಸುತ್ತದೆ, ಬುಡದ ಸೀಳುಗಳಿಂದ ಅದು ಹೊರಬೀಳುತ್ತದೆ. ಮಳೆಯಾದ ಮೇಲೆ ಬಾಗಿಲೊಳಗೆ ನೀರು ಕುಲುಕುವ ಸದ್ದು ಬಂದರೆ ಕೆಸರು ಆ ಸೀಳುಗಳನ್ನು ಮುಚ್ಚಿದೆ ಎಂದರ್ಥ. ಇನ್ನು ಹೊಸ ಸ್ಪೀಕರ್ ಹಾಕಿದವರು ಆ ಪ್ಲಾಸ್ಟಿಕ್ ಹಾಳೆ ಕಿತ್ತು ಸರಿಯಾಗಿ ಅಂಟಿಸದಿದ್ದರೆ ನೀರು ನೇರ ಕಾರ್ಪೆಟ್ಟಿಗೇ ಇಳಿಯುತ್ತದೆ. ಅಂಥ ಗಾಡಿಗೆ ಎಷ್ಟು ಸಲ ಬೀಡಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ವೈಪರ್‌ಗಳ ಕೆಳಗೆ, ಬಾನೆಟ್ಟಿನ ಹಿಂದೆ ಒಂದು ತೊಟ್ಟಿಯಿದೆ. ವಿಂಡ್‌ಶೀಲ್ಡಿನಿಂದ ಇಳಿದ ನೀರೆಲ್ಲ ಅಲ್ಲಿ ಸೇರಿ ಎರಡು ಬದಿಯ ಕೊಳವೆಗಳಿಂದ ಚಕ್ರದ ಹಿಂದೆ ಸುರಿಯುತ್ತದೆ. ಒಳಗಿನ ಬ್ಲೋವರಿಗೆ ಹೊರಗಾಳಿ ಹೋಗುವುದೂ ಅನೇಕ ಗಾಡಿಗಳಲ್ಲಿ ಅಲ್ಲಿಂದಲೇ. ಸಿಲ್ವರ್ ಓಕ್ ಮರದ ಕೆಳಗೆ ಗಾಡಿ ನಿಲ್ಲಿಸುವ ಕಾಫಿ ತೋಟದವರು ಆ ತೊಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಇಣುಕಿ ನೋಡಬೇಕು. ಎಲೆ ಕೊಳೆತು ಗೊಬ್ಬರವಾಗಿ ಕೊಳವೆ ಮುಚ್ಚಿದರೆ, ತುಂಬಿದ ನೀರು ಬ್ಲೋವರಿನ ಬಾಯಿಯಿಂದ ಒಳಕ್ಕೆ ಉಕ್ಕುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆಯಂಥ ಕಡೆ ಇದಕ್ಕೆ ಒಂದು ರಾತ್ರಿ ಸಾಕು. ಸನ್‌ರೂಫಿನದೂ ಇದೇ ಕತೆ. ಅದರ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ನುಸುಳಿದ ನೀರು ಸುತ್ತಲಿನ ತಟ್ಟೆಗೆ ಬಿದ್ದು ಮೂಲೆಗಳ ಸಣ್ಣ ಪೈಪುಗಳಿಂದ ಕಂಬಗಳೊಳಗೆ ಇಳಿದುಹೋಗುತ್ತದೆ. ಆ ಪೈಪಿಗೆ ಜೋರಾಗಿ ಗಾಳಿ ಹೊಡೆಸಬೇಡಿ. ಕೆಳಗಿನ ಜೋಡಣೆ ಕಳಚಿಕೊಂಡರೆ ಇದ್ದ ತೊಂದರೆ ಎರಡಾಗುತ್ತದೆ. ಮೆತ್ತನೆಯ ನೈಲಾನ್ ದಾರ ತೂರಿಸಿದರೆ ಸಾಕು.

ಎ.ಸಿ. ಯನ್ನೂ ಮರೆಯುವಂತಿಲ್ಲ. ಮಂಗಳೂರಿನ ಸೆಕೆಯಲ್ಲಿ ಎ.ಸಿ. ಗಾಳಿಯಿಂದ ಹಿಂಡುವ ನೀರು ಲೀಟರಿನ ಲೆಕ್ಕದಲ್ಲಿರುತ್ತದೆ. ಅದರ ಬಸಿಗೊಳವೆ ಕೆಸರಿನಿಂದ ಕಟ್ಟಿಕೊಂಡರೆ ಎಲ್ಲವೂ ಮುಂದಿನ ಪ್ರಯಾಣಿಕನ ಕಾಲಡಿಗೆ. ಕೆಸರುದಾರಿಯಲ್ಲೇ ಓಡಾಡುವ ಗಾಡಿಗಳಿಗೆ ಇದು ಮಾಮೂಲು. ಗುರುತು ಸುಲಭ: ನೀರು ತಿಳಿಯಾಗಿ, ವಾಸನೆಯಿಲ್ಲದೆ ಇದ್ದರೆ ಎ.ಸಿ.ಯದೋ ಮಳೆಯದೋ. ಬಣ್ಣವಿದ್ದು, ಬೆರಳಿಗೆ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರಿನ ಕೂಲಂಟ್. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಅದು ವಿಷ.

"ಜೋರಾಗಿ ನೀರು ಹೊಡೆದು ನೋಡಿದರೆ ಗೊತ್ತಾಗುತ್ತೆ"

ವಾಟರ್ ವಾಶ್ ಗನ್ ಹಿಡಿದು ಇಡೀ ಗಾಡಿಗೆ ಹೊಡೆದರೆ ಗೊತ್ತಾಗುವುದು ಒಂದೇ: ನೂರು ಬಾರ್ ಆಸುಪಾಸಿನ ಒತ್ತಡದಲ್ಲಿ ಎಲ್ಲ ರಬ್ಬರೂ ಸೋಲುತ್ತದೆ ಎಂಬುದು. ಯಾವ ಮಳೆಯೂ ಹಾಗೆ ಹೊಡೆಯುವುದಿಲ್ಲ. ಸರಿಯಾಗಿದ್ದ ಜಾಗದಲ್ಲೂ ನೀರು ನುಗ್ಗಿ, ಹುಡುಕುವವನ ತಲೆ ಕೆಡುತ್ತದೆ.

ಕೆಲಸ ಶುರುವಾಗಬೇಕಾದದ್ದು ಒಣಗಿಸುವುದರಿಂದ. ಕಾರ್ಪೆಟ್ ಎತ್ತಿ, ಅಂಚಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿ, ತಗಡು ಬರಿದಾಗಿ ಕಾಣಬೇಕು. ಅನುಮಾನದ ಜಾಗಗಳಿಗೆ ಟಿಶ್ಯೂ ಅಂಟಿಸಿ ಅಥವಾ ಟಾಲ್ಕಂ ಪೌಡರ್ ಉದುರಿಸಿ. ಹನಿ ಬಿದ್ದ ಗೆರೆ ಅದರ ಮೇಲೆ ಮೂಡುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿದ್ದವರು ಮೂತಿ ಇಲ್ಲದ ಬರೀ ಹೋಸ್ ಪೈಪಿನಿಂದ ನೀರನ್ನು ಸುಮ್ಮನೆ ಹರಿಯಬಿಡಲಿ, ಅದೂ ಕೆಳಗಿನಿಂದ ಮೇಲಕ್ಕೆ. ಮೊದಲು ಬಾಗಿಲ ಬುಡ, ಆಮೇಲೆ ಹಿಂಜು, ಕಿಟಕಿಯ ಅಂಚು, ಕೊನೆಗೆ ಮಾಡು. ಮೇಲಿಂದ ಶುರುಮಾಡಿದರೆ ನೀರು ಎಲ್ಲ ಕಡೆಗೂ ಇಳಿದು, ಯಾವುದು ಸೋರಿತೆಂದು ಹೇಳಲಾಗದು. ಒಂದೊಂದು ಜಾಗದಲ್ಲೂ ಕೆಲವು ನಿಮಿಷ ನಿಲ್ಲಬೇಕು, ಇಲ್ಲೇ ಎಲ್ಲರ ತಾಳ್ಮೆ ಕೆಡುವುದು.

ಇನ್ನೊಂದು ಉಪಾಯ ನೀರೇ ಇಲ್ಲದ್ದು. ಎಲ್ಲ ಬಾಗಿಲು ಮುಚ್ಚಿ, ಬ್ಲೋವರನ್ನು ಹೊರಗಾಳಿಗೆ ಇಟ್ಟು ಪೂರ್ತಿ ವೇಗದಲ್ಲಿ ಬಿಡಿ. ಒಳಗಾಳಿ ಹೊರಹೋಗಲೆಂದು ಹಿಂಭಾಗದಲ್ಲಿ ಇರುವ ಕಿಂಡಿಗೆ ತಾತ್ಕಾಲಿಕವಾಗಿ ಟೇಪ್ ಹಚ್ಚಿ. ಈಗ ಹೊರಗಿಂದ ಸಂದುಗಳಿಗೆ ಸೋಪುನೀರು ಬಳಿದರೆ, ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಗಾಳಿ ಹೊರಬರುವ ಕಡೆ ನೀರು ಒಳಹೋಗಬಲ್ಲದು. ಬಾಗಿಲ ರಬ್ಬರ್ ನೋಡಲು ಹತ್ತು ರೂಪಾಯಿಯ ನೋಟು ಸಾಕು: ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದಾಗ ಬಿಗಿಯಾಗಿ ಬರಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತಿಕೊಂಡಿಲ್ಲ. ಎಷ್ಟೋ ಸಲ ತಪ್ಪು ರಬ್ಬರಿನದ್ದಲ್ಲ, ಬಾಗಿಲ ಕೊಂಡಿ ಒಂದೆರಡು ಮಿ.ಮೀ. ಹೊರಗಿರುತ್ತದೆ, ಅಷ್ಟೆ.

"ಸಿಲಿಕಾನ್ ಬಳಿದರೆ ಕೆಲಸ ಮುಗೀತು"

ಮುಗಿಯುವುದಿಲ್ಲ, ಹೊಸದೊಂದು ಶುರುವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಬರಿಯ ಉಕ್ಕಿಗೆ ತಗುಲಿದರೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ, ಮುಂದೆ ಸರಿಯಾದ ಸೀಲರ್ ಹಾಕಹೋದರೂ ಅಂಟುವುದಿಲ್ಲ. ತಗಡಿನ ಹೊಲಿಗೆಗೆ ಪಾಲಿಯುರೆಥೇನ್ ಸೀಮ್ ಸೀಲರ್, ಬಿಚ್ಚಿ ಜೋಡಿಸುವ ದೀಪ, ಬ್ರಾಕೆಟ್‌ಗಳಿಗೆ ಬ್ಯೂಟೈಲ್ ಟೇಪ್. ನೀರು ಬಸಿಯಲೆಂದು ಇಟ್ಟ ಸೀಳಿಗೇ ಸಿಲಿಕಾನ್ ತುಂಬಿದ ಗಾಡಿಗಳೂ ಸಿಗುತ್ತವೆ. ಅವುಗಳ ಬಾಗಿಲು ಒಳಗಿಂದ ಕರಗಿರುತ್ತದೆ.

"ಹೊಸ ಗಾಡಿ ಸೋರಿದರೆ ಅದು ಕಂಪನಿ ತಪ್ಪು, ಹಳೇದಾದರೆ ನಮ್ಮ ಹಣೆಬರಹ"

ಕಾರ್ಖಾನೆಯಲ್ಲಿ ತಗಡುಗಳನ್ನು ಬೆಸೆದ ಮೇಲೆ ಹೊಲಿಗೆಗಳಿಗೆ ಸೀಲರ್ ಎಳೆದು, ಪೇಂಟ್ ಒಲೆಯಲ್ಲಿ ಗಟ್ಟಿಮಾಡುತ್ತಾರೆ. ಸಾಲಿನ ಕೊನೆಯಲ್ಲಿ ಗಾಡಿಗೆ ಮಳೆಸ್ನಾನದ ಪರೀಕ್ಷೆಯೂ ಇರುತ್ತದೆ. ಆದರೂ ಸೀಲರಿನ ಗೆರೆಯಲ್ಲೊಂದು ಸೂಜಿಮೊನೆಯಷ್ಟು ಬಿಡುವು ಉಳಿಯಬಹುದು, ಕೆಲವು ನಿಮಿಷದ ಸ್ನಾನದಲ್ಲಿ ಅದು ಸಿಕ್ಕಿಬೀಳದಿರಬಹುದು. ಅದು ನಿಜವಾದ ನಿರ್ಮಾಣದೋಷ. ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಒಂದು ಕಡೆ ಅಗಲವಾಗಿದೆ ಎಂದು ಬೇಸರಪಡುವವರಿದ್ದಾರೆ. ನೋಡಲು ಚೆನ್ನಾಗಿಲ್ಲ, ಸರಿ, ಆದರೆ ಅದರಿಂದ ಒಳಗೆ ಹನಿ ನೀರೂ ಬರುವುದಿಲ್ಲ. ಬಾಗಿಲ ಸಂದು ಮಾತ್ರ ಬೇರೆ ಮಾತು. ಅಲ್ಲಿ ರಬ್ಬರಿನ ಒತ್ತಡವೇ ಬದಲಾಗುತ್ತದೆ.

ಹೊಸ ಗಾಡಿಯಾದರೂ ರೂಫ್ ಕ್ಯಾರಿಯರ್, ಸ್ನಾರ್ಕೆಲ್, ಲೈಟ್ ಬಾರ್ ಎಂದು ತೂತು ಕೊರೆಸಿದ್ದರೆ ಮೊದಲು ನೋಡಬೇಕಾದ್ದು ಆ ತೂತುಗಳನ್ನು. ವಾರಂಟಿ ಮಾತುಕತೆಯಲ್ಲಿ ಎದುರಿನವರೂ ಅಲ್ಲಿಗೇ ಬೆರಳು ತೋರಿಸುತ್ತಾರೆ. ಹೋಸ್ ಪೈಪಿನ ಪರೀಕ್ಷೆಯ ವಿಡಿಯೊ, ದಿನಾಂಕವಿರುವ ಫೋಟೊ, ಜಾಬ್ ಕಾರ್ಡಿನಲ್ಲಿ "ಕಾರ್ಪೆಟ್ ಒದ್ದೆ" ಬದಲು "ಎಡ ಮುಂಗಂಬದ ಮೇಲಂಚಿನಿಂದ ನೀರು" ಎಂದು ಬರೆಸಿದ ದೂರು, ಇವು ಜಗಳಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

"650 ಮಿ.ಮೀ. ನೀರಲ್ಲಿ ಹೋಗುತ್ತೆ ಅಂದ್ಮೇಲೆ ಮಳೆ ಯಾವ ಲೆಕ್ಕ?"

2020ರ ಥಾರ್‌ಗೆ ಕಂಪನಿ ಹೇಳುವ ನೀರು ದಾಟುವ ಆಳ 650 ಮಿ.ಮೀ., ಹೊಸ ಡಿಫೆಂಡರ್‌ಗೆ 900. ಈ ಅಂಕಿಗೂ ಒಳಗಿನ ಕಾರ್ಪೆಟ್ಟಿಗೂ ಸಂಬಂಧವಿಲ್ಲ. ನಿಧಾನವಾಗಿ, ಸ್ವಲ್ಪ ಹೊತ್ತು ಹೋದರೆ ಎಂಜಿನ್ ಗಾಳಿಯ ಬದಲು ನೀರು ಕುಡಿಯದು ಎಂಬುದು ಅದರ ಮುಖ್ಯ ಅರ್ಥ. ಕ್ಯಾಬಿನ್ ಒಣಗಿರುತ್ತದೆಂಬ ಭರವಸೆ ಅದರಲ್ಲಿಲ್ಲ. ಹಳ್ಳ ದಾಟುವಾಗ ಕಣ್ಣಿಗೆ ಬೀಳದ ಸೋರಿಕೆ ಇನ್ನೊಂದಿದೆ. ಓಡಿ ಬಿಸಿಯಾದ ಆಕ್ಸೆಲ್ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿಂದ ಎಳೆದುಕೊಳ್ಳುತ್ತದೆ. ಉಸಿರಾಡಲೆಂದು ಇಟ್ಟ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆಯುತ್ತದೆ. ಮಾರನೇ ದಿನ ಆಯಿಲ್ ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಲೇಬೇಕು. ಬ್ರೀದರ್ ಪೈಪನ್ನು ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ಯುವುದು ಸಣ್ಣ ಖರ್ಚಿನ ಕೆಲಸ. ಬೇರಿಂಗ್ ಬದಲಿಸುವುದು ಹಾಗಲ್ಲ.

ಕೊನೆಯದಾಗಿ, "ಎರಡು ದಿನ ಬಿಸಿಲಿಗೆ ನಿಲ್ಲಿಸಿದರೆ ಒಣಗುತ್ತೆ" ಎಂಬುದು. ಮೇಲಿನ ಬಟ್ಟೆ ಒಣಗುತ್ತದೆ, ಅಡಿಯ ಫೋಮ್ ಒಣಗುವುದಿಲ್ಲ. ಅಂಗೈ ಒತ್ತಿ ಹಿಡಿದು ತೆಗೆದರೆ ತಿಳಿಯುತ್ತದೆ. ಕಾರ್ಪೆಟ್ ಹೊರತೆಗೆದು, ಫೋಮ್ ಹಿಂಡಿ, ಗಾಳಿಯಾಡುವ ಕಡೆ ನೇತುಹಾಕಬೇಕು. ಸೋರಿಕೆ ಸರಿಮಾಡಿದೆವೆಂದು ಅದೇ ಸಂಜೆ ಮತ್ತೆ ಹಾಸಲು ಹೋಗಬೇಡಿ. ಎರಡು ಮೂರು ಜೋರು ಮಳೆ ಬರಿಯ ತಗಡಿನ ಮೇಲೆ ಕಳೆಯಲಿ. ಉಳಿದ ಸೋರಿಕೆಯಿದ್ದರೆ ಅದರ ಗೆರೆ ಆಗಲೇ ಕಾಣುವುದು.