ಸೀಸದ ಗುಂಡು ಯಾಕೆ ಬೇಡವಾಯಿತು?

ಹಿತ್ತಲಲ್ಲಿ ಕೋಳಿ ಮೇಯುವುದನ್ನು ನೋಡಿದ್ದೀರಲ್ಲ? ಕಾಳಿನ ಜೊತೆಗೆ ಸಣ್ಣ ಸಣ್ಣ ಕಲ್ಲನ್ನೂ ಹೆಕ್ಕಿ ನುಂಗುತ್ತದೆ. ಹಲ್ಲಿಲ್ಲದ ಹಕ್ಕಿಗೆ ಹೊಟ್ಟೆಯೊಳಗಿನ ಆ ಕಲ್ಲೇ ಬೀಸುವ ಕಲ್ಲು! ಕೆರೆಯ ಬಾತುಕೋಳಿಯದೂ ಇದೇ ರೂಢಿ. ಆದರೆ ಅದು ಕಲ್ಲೆಂದು ನುಂಗಿದ್ದು ಬೇಟೆಗಾರನ ಕೋವಿಯಿಂದ ಸಿಡಿದು ಬಿದ್ದ ಸೀಸದ ಚರೆಯಾಗಿದ್ದರೆ? ಅದು ಹೊಟ್ಟೆಯಲ್ಲೇ ಸವೆದು ಕರಗಿ ರಕ್ತಕ್ಕೆ ಸೇರುತ್ತದೆ. ಹಕ್ಕಿ ಬಡಕಲಾಗಿ, ಹಾರಲಾರದೆ ಸಾಯುತ್ತದೆ.

ಚರೆ ಎಂದರೆ ಸಾಸಿವೆ ಕಾಳಿಗಿಂತ ತುಸು ದಪ್ಪನೆಯ ಗುಂಡು. ಒಂದೇ ತೋಟಾದಲ್ಲಿ ನೂರಾರು ಇರುತ್ತವೆ. ಗುರಿಗೆ ತಾಗುವುದು ಕೆಲವೇ. ಮಿಕ್ಕಿದ್ದೆಲ್ಲ ಹೊಲ, ಕೆರೆಗಳ ಪಾಲು.

ಇದನ್ನರಿತ ಅಮೆರಿಕದವರು 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಕೂಡದೆಂದರು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯ ಬಳಕೆಯನ್ನೇ ನಿಲ್ಲಿಸಿತು. ಯುರೋಪ್ ಒಕ್ಕೂಟವು 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಅದನ್ನು ತಡೆದಿದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ಹದ್ದಿನ ಕಥೆಯಂತೂ ಮನಕಲಕುವಂಥದು. ಬೇಟೆಯಾಡಿ ಬಿಟ್ಟ ಮಾಂಸದೊಳಗಿನ ಸೀಸ ತಿಂದು ಸಾಯುತ್ತಿದ್ದ ಆ ಹಕ್ಕಿಗಳು 1982ರಲ್ಲಿ ಬರೀ 22 ಉಳಿದಿದ್ದವು. ಆ ರಾಜ್ಯದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ.

ಹಾಗಾದರೆ ಗುರಿ ಹೊಡೆಯುವ ಕ್ರೀಡೆಯವರಿಗೆ ತೊಂದರೆಯಾಗದೇ ಎಂದು ಕೇಳಬಹುದು. ಆಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಲೀಟರು ಪಾತ್ರೆಯಷ್ಟು ಸೀಸ 11 ಕಿಲೋಗೂ ಹೆಚ್ಚು ತೂಗಿದರೆ, ಅಷ್ಟೇ ಉಕ್ಕು ಸುಮಾರು 8 ಕಿಲೋ. ಹಗುರವಾದ ಉಕ್ಕಿನ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಗಡುಸಾದ್ದರಿಂದ ಕೆಲವು ಹಳೇ ಕೋವಿಗಳ ನಳಿಗೆಗೆ ಒಗ್ಗುವುದಿಲ್ಲ. ಬಿಸ್ಮತ್, ಟಂಗ್‌ಸ್ಟನ್ ಚರೆಗಳು ದುಬಾರಿ. ಹಾರುವ ಬಿಲ್ಲೆಗೆ ಗುರಿಯಿಡುವ ಸ್ಪರ್ಧಿಗಳಿಗೆ ಪಂದ್ಯದಲ್ಲಿ ಯಾವ ತೋಟಾವೋ ಅದರಲ್ಲೇ ಅಭ್ಯಾಸ ಬೇಕು. ಕೈ ಪಳಗಿದ ಸೌಟು ಬದಲಾದರೆ ನಮಗೂ ಹದ ತಪ್ಪುವುದಿಲ್ಲವೇ? ಆದರೂ ಡೆನ್ಮಾರ್ಕಿನವರು 1996ರಿಂದಲೂ ಸೀಸದ ಚರೆಯಿಲ್ಲದೆ ಕೋವಿ ಹಿಡಿಯುತ್ತಲೇ ಇದ್ದಾರೆ.

ಇದೆಲ್ಲ ದೂರದ ಮಾತೆನ್ನಬೇಡಿ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಆಟದ ಪುಟ್ಟ ಗುಂಡುಗಳೂ ಸಾಮಾನ್ಯವಾಗಿ ಸೀಸದವೇ. ಅವು ಗುರಿಹಲಗೆಯ ಹಿಂದೆಯೇ ಬೀಳುವುದರಿಂದ ಬಳಿದು ತೆಗೆಯಬಹುದು. ಆದರೆ ಸೀಸದ ಪುಡಿ ಕೈಗೆ, ಬಟ್ಟೆಗೆ ಅಂಟಿ ಮನೆಗೆ ಬರುತ್ತದೆ. ಎಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎನ್ನುವ ಮಿತಿಯೇ ಗೊತ್ತಿಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಳೆಯ ಮಕ್ಕಳ ಮಿದುಳಿಗಂತೂ ಅದು ಶತ್ರು.

ನಿಮ್ಮ ಮಗಳೋ ಮಗನೋ ಈ ಆಟ ಕಲಿಯುತ್ತಿದ್ದರೆ ಕಲಿಯಲಿ, ಸಂತೋಷ. ಇಷ್ಟು ಮಾತ್ರ ನೋಡಿಕೊಳ್ಳಿ: ಅಭ್ಯಾಸದ ಜಾಗದಲ್ಲಿ ತಿಂಡಿ ಬೇಡ. ಗುಂಡನ್ನು ಬಾಯಲ್ಲಿ ಕಚ್ಚಿಕೊಳ್ಳುವುದು ಬೇಡವೇ ಬೇಡ. ಮನೆಗೆ ಬಂದೊಡನೆ ಸೋಪು ಹಚ್ಚಿ ಕೈ, ಮುಖ ತೊಳೆಯಲಿ. ಆ ಬಟ್ಟೆಯನ್ನು ಪುಟ್ಟ ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಕಲಾಯಿಯ ತವರಕ್ಕೆ ಸೀಸ ಬೆರೆತೀತೆಂದು ಹೆದರುವ ನಮಗೆ ಈ ಎಚ್ಚರವೇನೂ ಹೊಸದಲ್ಲ.