ಒರಾಂಗ್ ಅಸ್ಲಿ ಸಮುದಾಯಗಳಲ್ಲಿ ಕರುಳಿನ ಹುಳುಗಳ ಸೋಂಕು

ಒರಾಂಗ್ ಅಸ್ಲಿ ಎಂಬುದು ಪರ್ಯಾಯದ್ವೀಪ ಮಲೇಷ್ಯಾದ ಮೂಲನಿವಾಸಿಗಳ ಸಾಮೂಹಿಕ ಹೆಸರು. ಮಲಯ ಭಾಷೆಯಲ್ಲಿ ಇದಕ್ಕೆ 'ಮೂಲ ಜನರು' ಎಂದರ್ಥ. ನೆಗ್ರಿಟೊ, ಸೆನೊಯ್ ಮತ್ತು ಪ್ರೋಟೊ-ಮಲಯ ಎಂಬ ಮೂರು ವರ್ಗಗಳಲ್ಲಿ ಇವರ 18 ಉಪಪಂಗಡಗಳನ್ನು ಗುರುತಿಸಲಾಗಿದೆ. ದೇಶವು ಆರ್ಥಿಕವಾಗಿ ಬೆಳೆದಂತೆ ನಗರಗಳಲ್ಲಿ ಬಹುಮಟ್ಟಿಗೆ ತಗ್ಗಿದ ಜಂತುಹುಳುಗಳ ಬಾಧೆಯು ಈ ಜನರ ಹಳ್ಳಿಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಹುಳುಗಳು ಮತ್ತು ಹರಡುವ ಬಗೆ

ಇಲ್ಲಿ ಮುಖ್ಯವಾಗಿ ಕಂಡುಬರುವವು ದುಂಡುಹುಳು, ಚಾವಟಿಹುಳು ಮತ್ತು ಕೊಕ್ಕೆಹುಳು. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2,00,000 ಮೊಟ್ಟೆಗಳನ್ನು ಇಡಬಲ್ಲದು. ಮಲದೊಡನೆ ಹೊರಬೀಳುವ ಮೊಟ್ಟೆಗಳು ತೇವಭರಿತ ಬೆಚ್ಚನೆಯ ಮಣ್ಣಿನಲ್ಲಿ ಕೆಲವು ವಾರ ಬಲಿತ ಬಳಿಕವೇ ಸೋಂಕು ಹರಡಲು ಸಮರ್ಥವಾಗುತ್ತವೆ. ದುಂಡುಹುಳು ಮತ್ತು ಚಾವಟಿಹುಳುಗಳ ಮೊಟ್ಟೆಗಳು ಕೈ, ಆಹಾರ, ನೀರುಗಳ ಮೂಲಕ ಬಾಯಿ ಸೇರಿದರೆ, ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತವೆ. ಈ ಹುಳುಗಳು ಮನುಷ್ಯನ ದೇಹದೊಳಗೆ ಸಂಖ್ಯೆಯಲ್ಲಿ ವೃದ್ಧಿಯಾಗುವುದಿಲ್ಲ ಎಂಬುದು ಗಮನಾರ್ಹ. ಒಬ್ಬರಲ್ಲಿ ಹುಳುಗಳು ಹೆಚ್ಚಿವೆಯೆಂದರೆ ಅವರು ಕಲುಷಿತ ಮಣ್ಣಿನ ಸಂಪರ್ಕಕ್ಕೆ ಮತ್ತೆಮತ್ತೆ ಬಂದಿದ್ದಾರೆಂದೇ ಅರ್ಥ. ಸೋಂಕು ತೀವ್ರವಾದಾಗ ಮಕ್ಕಳಲ್ಲಿ ರಕ್ತಹೀನತೆ, ಕುಂಠಿತ ಬೆಳವಣಿಗೆ, ರಕ್ತಭೇದಿ ಕಾಣಿಸಿಕೊಳ್ಳುತ್ತವೆ.

ಅಪಾಯಕ್ಕೆ ಕಾರಣಗಳು

ಶಾಲಾವಯಸ್ಸಿನ ಮಕ್ಕಳಲ್ಲಿ ಸೋಂಕು ಹೆಚ್ಚು. ಶೌಚಾಲಯದ ಅಭಾವ, ನದಿ-ತೊರೆಗಳ ನೀರನ್ನು ಶುದ್ಧೀಕರಿಸದೆ ಬಳಸುವುದು, ಬರಿಗಾಲಿನ ಓಡಾಟ, ದೊಡ್ಡ ಕುಟುಂಬ, ತಂದೆತಾಯಿಯರ ಕಡಿಮೆ ಶಿಕ್ಷಣ ಇವು ಅಧ್ಯಯನಗಳಲ್ಲಿ ಪದೇಪದೇ ಕಾಣಸಿಗುತ್ತವೆ. ಇವೆಲ್ಲವನ್ನೂ 'ಅಶುಚಿಯ ಅಭ್ಯಾಸ'ವೆಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ನಲ್ಲಿಯೇ ಇಲ್ಲದ ಊರಿನಲ್ಲಿ ಕೈತೊಳೆಯುವ ಉಪದೇಶಕ್ಕೆ ಬೆಲೆ ಎಷ್ಟು? ಕಾಡಿನಲ್ಲಿ ನೆಲೆ ಬದಲಿಸುತ್ತ ಬಾಳುತ್ತಿದ್ದ ಗುಂಪುಗಳು ಪುನರ್ವಸತಿ ಯೋಜನೆಗಳಿಂದಾಗಿ ಒಂದೇ ಕಡೆ ಒತ್ತಾಗಿ ನೆಲಸಿದಾಗ, ಶೌಚವ್ಯವಸ್ಥೆ ಜೊತೆಗೆ ಬಾರದಿದ್ದರೆ ಮನೆಯ ಸುತ್ತಲಿನ ಮಣ್ಣೇ ಸೋಂಕಿನ ನೆಲೆಯಾಗುತ್ತದೆ. ಪರಿಸರಕ್ಕೂ ಈ ಪರೋಪಜೀವಿಗಳಿಗೂ ಇರುವ ಸಂಬಂಧವನ್ನು ಎಫ್. ಎಲ್. ಡನ್ ಅವರು 1972ರಷ್ಟು ಹಿಂದೆಯೇ ಒರಾಂಗ್ ಅಸ್ಲಿ ಗುಂಪುಗಳಲ್ಲಿ ಪರಿಶೀಲಿಸಿದ್ದರು. ಸಾಕುಪ್ರಾಣಿಗಳದೂ ಒಂದು ಪಾತ್ರವಿದೆ: ನಾಯಿ ಮತ್ತು ಬೆಕ್ಕುಗಳಲ್ಲಿ ವಾಸಿಸುವ ಆಂಕಿಲೋಸ್ಟೋಮ ಸೆಲಾನಿಕಮ್ ಎಂಬ ಕೊಕ್ಕೆಹುಳು ಇಲ್ಲಿನ ಮನುಷ್ಯರಲ್ಲಿಯೂ ಪತ್ತೆಯಾಗಿದೆ.

ಚಿಕಿತ್ಸೆ ಮತ್ತು ಮರುಸೋಂಕು

ಆಲ್ಬೆಂಡಜೋಲ್ (400 ಮಿ.ಗ್ರಾಂ) ಅಥವಾ ಮೆಬೆಂಡಜೋಲ್ (500 ಮಿ.ಗ್ರಾಂ) ರೂಢಿಯ ಔಷಧಗಳು. ಭಾರತದಲ್ಲಿ ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲಿ ನೀಡುವ ಮಾತ್ರೆಯೂ ಆಲ್ಬೆಂಡಜೋಲೇ. ದುಂಡುಹುಳುವಿಗೆ ಒಂದೇ ಮಾತ್ರೆ ಚೆನ್ನಾಗಿ ನಾಟುತ್ತದೆಯಾದರೂ ಚಾವಟಿಹುಳುವಿಗೆ ಅಷ್ಟಾಗಿ ನಾಟದು. ಮಲೇಷ್ಯಾದಲ್ಲಿ 1974ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಹುಳು ನಿಯಂತ್ರಣ ಕಾರ್ಯಕ್ರಮವನ್ನು 1983ರಲ್ಲಿ ನಿಲ್ಲಿಸಲಾಯಿತು. ಪಹಾಂಗ್ ರಾಜ್ಯದ ಒರಾಂಗ್ ಅಸ್ಲಿ ಶಾಲಾಮಕ್ಕಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಔಷಧ ಪಡೆದ ಬಹುಪಾಲು ಮಕ್ಕಳು ಆರು ತಿಂಗಳೊಳಗೆ ಮತ್ತೆ ಸೋಂಕಿಗೊಳಗಾದದ್ದು ಕಂಡುಬಂದಿತು. ಮಾತ್ರೆಯು ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ಅಂಗಳದ ಮಣ್ಣಿನಲ್ಲಿರುವ ಮೊಟ್ಟೆಗಳನ್ನಲ್ಲ.